ಮಜ್ಜಿಗೆ ಗಡಿಗೆಯ ಮೇಲಿನ ಲಗೋರಿ

ನಮ್ಮ ಮನೆಯ ಮಜ್ಜಿಗೆ ಗಡಿಗೆಯ ಮೇಲೆ ಒಂದು ಕಟ್ಟಿಗೆಯ ಮುಚ್ಚಳವಿದೆ. ಮುಚ್ಚಳ ಎಂದು ಕರೆಯುವುದು ನನ್ನ ದೊಡ್ಡ ಮನಸ್ಸು. ಅದು ದುಂಡಗಿಲ್ಲ, ಚೌಕವಾಗಿಯೂ ಇಲ್ಲ. ಒಂದು ಮಗ್ಗುಲು ಸೊಟ್ಟ, ಇನ್ನೊಂದು ಮಗ್ಗುಲಲ್ಲಿ ಇಲಿ ಕಡಿದಂತೆ ಸಣ್ಣ ಕಚ್ಚು. ಗಡಿಗೆಯ ಬಾಯಿಯನ್ನು ಪೂರ್ತಿ ಮುಚ್ಚುವುದೂ ಇಲ್ಲ. ಒಂದು ಕಡೆ ಸಂದು ಬಿಟ್ಟು, ನೊಣಗಳಿಗೆ ಒಳಗೇನಿದೆ ಎಂದು ಇಣುಕಿ ನೋಡುವ ಅನುಕೂಲ ಮಾಡಿಕೊಟ್ಟಿದೆ.

ಸೇಡಂನ ನಮ್ಮ ಓಣಿಯ ಹೆಂಗಸರಿಗೆ ಈ ಮುಚ್ಚಳದ ಮೇಲೆ ಬಹಳ ದಿನದಿಂದ ಕಣ್ಣು. ಬಂದು ಕೂತು, ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡ ಮೇಲೆ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. “ಅಡಗಿಮನಿ ತುಂಬ ಸ್ಟೀಲಿನ ಸಾಮಾನ ಫಳಫಳ ಹೊಳಿಲಾಕತ್ತಾವ. ಇದೊಂದ ಯಾಕ್ರಿ ಹಿಂಗ?”

“ಅದು ಮುಚ್ಚಳ ಅಲ್ರೀ, ಲಗೋರಿ” ಎನ್ನುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ. ನಾನು ಹಿತ್ತಲ ಕಡೆ ಕೈ ತೋರಿಸುತ್ತೇನೆ. ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ನಮ್ಮ ಮನೆಯವರು ಕುಳಿತಿರುತ್ತಾರೆ, ಕೂದಲ ತುಂಬ ಕಟ್ಟಿಗೆಯ ಪುಡಿ. ಆಗ ಅವರಿಗೆ ಅರ್ಥವಾಗುತ್ತದೆ. ಗಂಡ ಮಾಡಿದ್ದನ್ನು ಹೆಂಡತಿ ಎಸೆಯುವುದು ಹೇಗೆ ಎಂದು ತಮ್ಮಷ್ಟಕ್ಕೆ ತಾವೇ ತಲೆಯಾಡಿಸಿ ಹೋಗುತ್ತಾರೆ. ಪೂರ್ತಿ ಸಂಗತಿ ಅದಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಕೂಡಿರಿ.

ಲಗೋರಿ ನಿಮಗೆ ಗೊತ್ತೇ ಇರುತ್ತದೆ. ಏಳು ಚಪ್ಪಟೆ ಕಲ್ಲು ಒಂದರ ಮೇಲೊಂದು ಪೇರಿಸುವುದು, ದೂರದಿಂದ ಚೆಂಡು ಎಸೆದು ಕೆಡವುವುದು. ಕೆಡವಿದವರೇ ಮತ್ತೆ ಪೇರಿಸಬೇಕು. ಅಷ್ಟರಲ್ಲಿ ಎದುರಿನವರು ಅದೇ ಚೆಂಡಿನಿಂದ ಅವರ ಬೆನ್ನು ಮುರಿಯಬೇಕು. ಪೇರಿಸಿ ಮುಗಿದೊಡನೆ “ಲಗೋರೀ” ಎಂದು ಓಣಿ ಹಾರುವಂತೆ ಕೂಗಿದರೆ ಗೆದ್ದಂತೆ. ನ್ಯಾಯ ಅನ್ಯಾಯ ಎರಡಕ್ಕೂ ಅದರಲ್ಲಿ ಬೇಕಾದಷ್ಟು ಜಾಗವಿದೆ.

ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಬೇರೆ ಊರಿನ ಮಕ್ಕಳು ಲಗೋರಿಗೆ ಒಡಕು ಹಂಚು, ಇಟ್ಟಿಗೆ ಚೂರು ಎಂದು ಹುಡುಕಿ ಒದ್ದಾಡುತ್ತಿದ್ದರಂತೆ. ನಮಗೆ ಆ ಬಡತನ ಇರಲಿಲ್ಲ. ನಮ್ಮೂರಿನಲ್ಲಿ ನೆಲ ಫರಸಿ ಕಲ್ಲು, ಮಾಳಿಗೆ ಫರಸಿ ಕಲ್ಲು, ಗೋಡೆಯೊಳಗಿನ ಮಾಡದ ಹಲಗೆ ಫರಸಿ ಕಲ್ಲು, ಹಿತ್ತಲಿಗೆ ಬೇಲಿಯಾಗಿ ನಿಲ್ಲಿಸಿದ್ದೂ ಅದೇ. ಬೇಸಿಗೆಯಲ್ಲಿ ಫರಸಿಗೆ ನೀರು ಹೊಡೆದು ಬರಿಮೈಯಲ್ಲಿ ಅಂಗಾತ ಬಿದ್ದುಕೊಳ್ಳುತ್ತಿದ್ದೆವು. ಕಲ್ಲು ಕೊಯ್ಯುವ ಕಡೆ ಹೋದರೆ ರಾಶಿ ರಾಶಿ ಚೂರು. ಕೈಗೆ ಸಿಕ್ಕಿದ್ದು ತರುವ ಹಾಗಿರಲಿಲ್ಲ ಮತ್ತೆ. ಬಣ್ಣ, ದಪ್ಪ, ತೂಕ ಎಲ್ಲ ನೋಡಿ, ಬೆರಳಿನಿಂದ ಬಡಿದು, ಹೆಣ್ಣು ನೋಡಲು ಬಂದವರಂತೆ ಹತ್ತು ಕುಂದು ಹೇಳಿ, ಆಮೇಲೆ ಒಂದನ್ನು ಆಯುತ್ತಿದ್ದೆವು. ಆಯ್ದದ್ದು ಆಯ್ದವರ ಸ್ವಂತದ್ದು. ಆಟ ಮುಗಿದ ಮೇಲೆ ಅವರವರ ಕಲ್ಲು ಅವರವರ ಮನೆಗೆ. ಕಲ್ಲಿನ ರಾಶಿಯ ಮೇಲೆ ಕೂತ ಊರಿನಲ್ಲಿ ಒಂದು ಚೂರಿಗಾಗಿ ಜಡೆ ಹಿಡಿದು ಜಗಳಾಡಿದ ಹುಡುಗಿಯರು ನಾವು.

ನನ್ನ ಕಲ್ಲು ನೀಲಿ ಬೂದಿ ಬಣ್ಣದ್ದು, ಎಲ್ಲಕ್ಕಿಂತ ಚಿಕ್ಕದು. ಪೇರಿಸುವಾಗ ಎಲ್ಲದರ ಮೇಲೆ ಕೂಡುವುದರಿಂದ ಅದಕ್ಕೆ ಟೋಪಿ ಎಂದು ಹೆಸರು. ಅದರ ಕಚ್ಚು ನನ್ನ ತಮ್ಮ ಬಸುವಿನ ಕಾಣಿಕೆ. ಸೋತ ಸಿಟ್ಟಿಗೆ ಅವನು ಅದನ್ನು ಬಾವಿಕಟ್ಟೆಗೆ ಬೀಸಿ ಒಗೆದಿದ್ದ. ಸಿಟ್ಟಿಗೆ ಕಾರಣ ಪಕ್ಕದ ಮನೆಯ ರಜಿಯಾ. ಗುರಿ ಎಂದರೆ ಅವಳದು. ಚೆಂಡು ಬಿಟ್ಟರೆ ತಪ್ಪುತ್ತಿರಲಿಲ್ಲ. ಅದರ ಜೊತೆಗೆ ಅವಳಿಗೆ ಇನ್ನೊಂದು ವಿದ್ಯೆಯೂ ಬರುತ್ತಿತ್ತು. ಆರು ಕಲ್ಲು ಪೇರಿಸಿ, ಏಳನೆಯದಾದ ಟೋಪಿಯನ್ನು ತನ್ನ ಪಾದದಡಿ ಇಟ್ಟು, ಮೇಲೆ ಲಂಗ ಬಿಟ್ಟು, “ಲಗೋರೀ” ಎಂದು ಕೂಗಿಬಿಡುತ್ತಿದ್ದಳು. ಬಸು ಕೂಗಿಗೆ ಬೆದರಿ ಚೆಂಡು ಕೆಳಗೆ ಹಾಕುತ್ತಿದ್ದ. ಕಲ್ಲು ಎಣಿಸಬೇಕು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ರಜಿಯಾ ಎಲ್ಲವನ್ನೂ ಒದ್ದು ಚದುರಿಸಿ ಹೊಸ ಆಟ ಶುರು ಮಾಡಿರುತ್ತಿದ್ದಳು.

ಮದುವೆಯಾಗಿ ಸೇಡಂಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ನಡುವೆ ಆ ಟೋಪಿ ಕಲ್ಲನ್ನೂ ಇಟ್ಟುಕೊಂಡು ಬಂದೆ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮ ಅತ್ತೆ ಟ್ರಂಕು ತೆಗೆದು ನೋಡಿ, ನೆರೆಹೊರೆಯವರನ್ನೆಲ್ಲ ಕರೆದು, “ನೋಡ್ರೆವ್ವಾ, ನನ್ನ ಸೊಸಿ ತವರಿಂದ ಕಲ್ಲ ತಂದಾಳ. ನನ್ನ ತಲಿಮ್ಯಾಲ ಹಾಕ್ಲಾಕ ಇರ್ಬೇಕು” ಎಂದು ನಕ್ಕಿದ್ದರು. ಆಮೇಲೆ ಅವರೇ ಅದನ್ನು ತೊಳೆದು ಮಜ್ಜಿಗೆ ಗಡಿಗೆಯ ಮೇಲೆ ಇಟ್ಟರು. ಅಂದಿನಿಂದ ಅದು ಅಲ್ಲಿಯೇ ಇತ್ತು. ನೀವೀಗ ನೋಡುತ್ತಿರುವುದು ಅದರ ಕಟ್ಟಿಗೆಯ ಅವತಾರ.

ಇನ್ನು ನಮ್ಮ ಮನೆಯವರ ಕಡೆ ಬರೋಣ. ಅವರು ಟರ್ನರ್. ಲೇತ್ ಮಷೀನಿನ ಮುಂದೆ ನಿಂತು ಕಬ್ಬಿಣ ತಿರುವಿ ಜೀವನ ಮಾಡಿದವರು. ಚಿತ್ತಾಪುರ, ಚಿಂಚೋಳಿ, ಸೇಡಂ ಈ ಸುತ್ತಿನ ತೊಗರಿಬೇಳೆ ಮಿಲ್ಲುಗಳಲ್ಲಿ ಯಾವುದರ ಗಾಲಿ ಸವೆದರೂ ಇವರಿಗೇ ಕರೆ ಬರುತ್ತಿತ್ತು. ಮಾಡಿಕೊಟ್ಟ ಗಾಲಿ ಕೂದಲೆಳೆಯಷ್ಟೂ ಓಲಾಡಬಾರದು. ಓಲಾಡಿದರೆ ಅವರಿಗೆ ಊಟ ಸೇರದು. ಆ ಚಾಳಿ ಮನೆಯೊಳಗೂ ಬಂದಿತ್ತು. ಹೊಸದರಲ್ಲಿ ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ರುಚಿ ಚೊಲೋ ಅದ. ಸೆಂಟರ್ ಸ್ವಲ್ಪ ಔಟ್ ಅದ” ಎಂದಿದ್ದರು. ಮರುದಿನ ಅವರ ತಾಟಿಗೆ ಬೇಕೆಂದೇ ಆಂಧ್ರದ ನಕಾಶೆಯಂತಹ ರೊಟ್ಟಿ ಹಾಕಿದೆ. ಗಪ್ಪನೆ ತಿಂದರು.

ಮಿಲ್ಲು, ಮಷೀನು ಎಂದು ಗದ್ದಲದಲ್ಲೇ ಬದುಕಿದ್ದಕ್ಕೋ, ವಯಸ್ಸಿಗೋ, ಅವರ ಕಿವಿ ಮಂದವಾಗುತ್ತ ಬಂತು. ಮೊದಲು ನನಗೆ ಅದು ನಾಟಕ ಎನಿಸಿತ್ತು. ಏಕೆಂದರೆ ಕುಕ್ಕರಿನ ಸೀಟಿ ಕೇಳುವುದಿಲ್ಲ, ಫೋನು ಕೇಳುವುದಿಲ್ಲ, ಪಕ್ಕದಲ್ಲಿ ನಿಂತು ನಾನು ಕರೆದರೆ ಕೇಳುವುದಿಲ್ಲ. ಆದರೆ ಹಿಂದಿನ ಮನೆಯ ಎಮ್ಮೆ ಒದರಿದರೆ ಕೇಳುತ್ತದೆ. ವಾಡಿ ಕಡೆಯಿಂದ ಬರುವ ಗೂಡ್ಸ್ ಗಾಡಿ ಊರ ಹೊರಗಿರುವಾಗಲೇ “ಗಾಡಿ ಬಂತು” ಎನ್ನುತ್ತಾರೆ. ಎಮ್ಮೆಯ ದನಿ ಕೇಳುವ ಕಿವಿಗೆ ಹೆಂಡತಿಯ ದನಿ ಕೇಳದು ಎಂದರೆ ಯಾರು ನಂಬುತ್ತಾರೆ ಹೇಳಿ? ಜಾಣಕಿವುಡು ಎಂದು ನಾನು ಓಣಿ ತುಂಬ ಹೇಳಿಕೊಂಡು ತಿರುಗಿದೆ. ಮಗಳು ಕಲಬುರಗಿಗೆ ಕರೆದೊಯ್ದು ತೋರಿಸಿ, ಕಿವಿಗೆ ಹಾಕುವ ಮಷೀನು ಕೊಡಿಸಿದಳು. ಅದನ್ನು ಹಾಕಿಕೊಂಡರೆ ಎಲ್ಲರೂ ಮಿಲ್ಲಿನೊಳಗೆ ನಿಂತು ಮಾತಾಡಿದಂತೆ ಕೇಳುತ್ತದೆ ಎಂದು ಇವರು ಅದನ್ನು ಬಟ್ಟೆಯ ಕಪಾಟಿನಲ್ಲಿ ಮಲಗಿಸಿದರು.

ನಗೆಚಾಟಿಕೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಇವರು ಮೊದಲು ಜನರೆಂದರೆ ಜೀವ ಬಿಡುವ ಮನುಷ್ಯ. ಚಹಾದಂಗಡಿಯ ಮುಂದೆ ನಿಂತರೆ ಮನೆ ಮರೆಯುವರು. ಕಿವಿ ಮಂದವಾದ ಮೇಲೂ ಕೆಲವು ದಿನ ಹೋಗಿ ಕೂಡುತ್ತಿದ್ದರು. ಎಲ್ಲರೂ ನಕ್ಕರೆ ಸ್ವಲ್ಪ ತಡೆದು ತಾವೂ ನಗುತ್ತಿದ್ದರು. ಒಂದು ದಿನ ಯಾರೋ ತಮ್ಮ ಮನೆಯ ಹಾಲು ಕರೆಯುವ ಎಮ್ಮೆ ಸತ್ತುಹೋದ ಸುದ್ದಿ ಹೇಳಿದರಂತೆ. ಇವರು ಹೇಳಿದವರ ಭುಜ ತಟ್ಟಿ, “ಭಾಳ ಚೊಲೋ ಆಯ್ತು ಬಿಡ್ರಿ” ಎಂದುಬಿಟ್ಟರಂತೆ. ಸುತ್ತ ಇದ್ದವರು ಹೊಟ್ಟೆ ಹಿಡಿದು ನಕ್ಕರು. ಎಮ್ಮೆ ಕಳೆದುಕೊಂಡವನೂ ನಕ್ಕ. ಇವರು ಮನೆಗೆ ಬಂದು ಚಪ್ಪಲಿ ಬಿಟ್ಟವರು ಆಮೇಲೆ ಚಹಾದಂಗಡಿಗೆ ಹೋಗಲಿಲ್ಲ. ಮದುವೆಗೆ ಕರೆದರೆ “ನೀ ಹೋಗಿ ಬಾ” ಎನ್ನುವುದು, ಮನೆಗೆ ಯಾರಾದರೂ ಬಂದರೆ ಹಿತ್ತಲಿಗೆ ಜಾರುವುದು. ಈ ವಯಸ್ಸಿನಲ್ಲಿ ನನಗೆ ಬೇಕಾದದ್ದು ಇಷ್ಟೇ: ಈ ಮನುಷ್ಯ ಮತ್ತೊಮ್ಮೆ ನಾಲ್ಕು ಜನರ ನಡುವೆ ನೆಟ್ಟಗೆ ಕೂತದ್ದನ್ನು ನೋಡಬೇಕು.

ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೆ ಒಂದು ಸಣ್ಣ ಹಳೆಯ ಲೇತ್ ಹಿತ್ತಲಿಗೆ ಬಂತು. ಕೆಲವು ದಿನ ಸುಮ್ಮನೆ ಅದರ ಧೂಳು ಒರೆಸಿದರು. ಒಂದು ದಿನ ಊಟ ಮಾಡುತ್ತ ಇದ್ದಕ್ಕಿದ್ದಂತೆ, “ಲಗೋರಿ ಮಾಡ್ಬೇಕಂತ ಮಾಡೀನಿ. ಕಟ್ಟಿಗಿದು. ಏಳರದ ಒಂದ ಸೆಟ್ಟು” ಎಂದರು.

ನನ್ನ ಕೈಯೊಳಗಿನ ಸೌಟು ಹಾಗೇ ನಿಂತಿತು. ಕೆಲಸವಿಲ್ಲದ ಬಡಗಿ ಏನನ್ನು ಕೆತ್ತಿದ ಎಂಬ ಗಾದೆ ನಿಮಗೆ ಗೊತ್ತಲ್ಲ, ನಾನು ಪೂರ್ತಿ ಹೇಳಲಾರೆ. “ಕಟ್ಟಿಗಿದಾ? ಇಲ್ಲಿ ಕಾಲಿಟ್ಟಲ್ಲಿ ಕಲ್ಲ ಅದಾವ. ಕಲ್ಲಿನ ನಾಡಾಗ ಕಟ್ಟಿಗಿ ಲಗೋರಿ ಯಾರ ಆಡ್ತಾರ್ರೀ?” ಎಂದೆ. ಅವರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತೋ ಏನೋ, “ಇನ್ನೊಂದ ರೊಟ್ಟಿ ಹಾಕು” ಎಂದರು.

ಚಿಂಚೋಳಿಯಲ್ಲಿ ಅವರ ಅಕ್ಕನ ಮನೆ ಇದೆ. ಅಲ್ಲಿಗೆ ಹೋದಾಗ ನನ್ನನ್ನೂ ಕಟ್ಟಿಕೊಂಡು ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಹೊರಟರು. ಅಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನನಗೆ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಒಂದೊಂದು ತುಂಡನ್ನು ಎತ್ತಿ ಕಿವಿಯ ಹತ್ತಿರ ಹಿಡಿಯುವುದು, ಇನ್ನೊಂದು ತುಂಡಿನಿಂದ ಟಕ್ ಎಂದು ಬಡಿಯುವುದು, ತಲೆ ಅಲ್ಲಾಡಿಸಿ ಕೆಳಗಿಡುವುದು. ಮಿಲ್ಲಿನ ಮಾಲೀಕ ಹಣೆಗೆ ಕೈ ಹಚ್ಚಿ ನೋಡುತ್ತಿದ್ದ.

“ಏನ್ರಿ ಅಕ್ಕೋರೆ, ಇವ್ರು ಕಟ್ಟಿಗಿ ತಗೊಳ್ಲಾಕ ಬಂದಾರೋ, ಕಲ್ಲಂಗಡಿ ತಗೊಳ್ಲಾಕ ಬಂದಾರೋ?”

“ಹಣ್ಣಾಗ್ಯದೋ ಇಲ್ಲೋ ನೋಡ್ಲಾಕತ್ತಾರ” ಎಂದೆ. ಇನ್ನೇನು ಹೇಳಲಿ?

ಸಾಗವಾನಿ ಬಡಿದು ನೋಡಿ ಬೇಡವೆಂದರು. ಜಾಲಿ ಬೇಡವೆಂದರು. ಬೇವನ್ನು ಎರಡೆರಡು ಸಲ ಬಡಿದು, ಮನಸ್ಸಿಲ್ಲದೆ ಕೆಳಗಿಟ್ಟರು. ಕೊನೆಗೆ ಮೂಲೆಯಲ್ಲಿ ಉರುವಲಿಗೆಂದು ಒಗೆದಿದ್ದ ಹುಣಸೆಯ ಬೊಡ್ಡೆಯೊಂದನ್ನು ಬಡಿದಾಗ ಅವರ ಮುಖ ಅರಳಿತು. ಮಾಲೀಕ ನನ್ನ ಕಡೆ ಕನಿಕರದಿಂದ ನೋಡಿದ. “ಸಾಗವಾನಿ ಬ್ಯಾಡಂದು ಹುಣಶಿ ಒಯ್ಯೋರನ್ನ ಇವತ್ತೇ ನೋಡಿದೆ ನಾ” ಎಂದು ಅದನ್ನು ತುಂಡು ಮಾಡಿಸಿ ಚೀಲಕ್ಕೆ ಹಾಕಿಸಿದ. ಬಸ್ಸಿನಲ್ಲಿ ಆ ಚೀಲಕ್ಕೂ ಒಂದು ಸೀಟು ಬೇಕಾಯಿತು. ನಾನು ಸೇಡಂವರೆಗೆ ನಿಂತು ಬಂದೆ.

ಹುಣಸೆ ಕಲ್ಲಿಗೇನೂ ಕಡಿಮೆ ಇಲ್ಲದ ಗಟ್ಟಿ ಕಟ್ಟಿಗೆ. ಅದನ್ನು ಒಣಗಿಸಿ, ತಿರುವಿ, ಉಜ್ಜಿ, ಕುಸುಬೆ ಎಣ್ಣೆ ಹಚ್ಚಿ, ಬಿಸಿಲಿಗಿಟ್ಟು, ಮತ್ತೆ ಹಚ್ಚಿ, ಮೊದಲ ಸೆಟ್ಟು ಸಿದ್ಧವಾದಾಗ, ಸುಳ್ಳು ಯಾಕೆ ಹೇಳಲಿ, ನನಗೇ ಆಸೆಯಾಯಿತು. ಕೆಳಗಿನದು ಊಟದ ತಾಟಿನಷ್ಟು, ಮೇಲಿನದು ಅಂಗೈಯಷ್ಟು. ಏಳೂ ಚಂದ್ರನ ಹಾಗೆ ದುಂಡಗೆ. ಸೆಂಟರ್ ಔಟ್ ಎಂಬ ಮಾತೇ ಇಲ್ಲ. ಹಳೆಯ ಸೀರೆ ಹರಿದು ಚೆಂಡು ಕಟ್ಟಿಕೊಟ್ಟೆ. “ನಡೀರಿ, ಬಸುನ ಮನ್ಯಾಗ ಆಡಿ ನೋಡೂಣು” ಎಂದೆ. ಆಟದ ನೆಪದಲ್ಲಾದರೂ ಜನರ ನಡುವೆ ಬರಲಿ ಎಂದು ನನ್ನ ಲೆಕ್ಕ. ಬಹಳ ದಿನಗಳ ಮೇಲೆ ಅವರು ಇಲ್ಲ ಎನ್ನಲಿಲ್ಲ.

ಬಸು ಈಗ ದೊಡ್ಡ ಮನುಷ್ಯ. ಶಹಾಬಾದಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಕೆಲಸ ಅವನದು. ಮನೆಯ ಅಂಗಳಕ್ಕೂ ಕನ್ನಡಿಯಂತೆ ಉಜ್ಜಿದ ಕಲ್ಲು ಹಾಸಿದ್ದಾನೆ, ನೀರು ಹರಿದುಹೋಗಲೆಂದು ಮೋರಿಯ ಕಡೆ ಚೂರು ಇಳಿಜಾರು. ಓಣಿಯ ಮಕ್ಕಳೆಲ್ಲ ಕೂಡಿದರು. ಇವರು ಏಳನ್ನೂ ಪೇರಿಸಿ, ಹಿಂದೆ ಸರಿದು, ಕೈಕಟ್ಟಿ ನಿಂತರು. ಬಸುವೇ ಚೆಂಡು ಎಸೆದ. ಬಿತ್ತು ನೋಡಿ! ಕಲ್ಲಾಗಿದ್ದರೆ ಬಿದ್ದಲ್ಲಿ ಬೀಳುತ್ತಿತ್ತು. ಇವು ಬಿದ್ದು, ಎದ್ದು, ಅಂಚಿನ ಮೇಲೆ ನಿಂತು, ನುಣುಪಾದ ಅಂಗಳದಲ್ಲಿ ಇಳಿಜಾರು ಹಿಡಿದು ಓಡತೊಡಗಿದವು. ಎರಡು ಮೋರಿಗೆ ಬಿದ್ದವು. ಒಂದು ಗೇಟಿನ ಸಂದಿಯಿಂದ ಹೊರಬಿದ್ದು ಓಣಿಯಲ್ಲಿ ಹೊರಟೇ ಹೋಯಿತು, ನಾಯಿಯೊಂದು ಬೆನ್ನು ಹತ್ತಿತು. ಓಡುವ ಮಕ್ಕಳು, ಬೊಗಳುವ ನಾಯಿ, ಎಲ್ಲದರ ನಡುವೆ ಬಸು ಹೊಟ್ಟೆ ಹಿಡಿದುಕೊಂಡು ಇವರತ್ತ ತಿರುಗಿ ಕೂಗಿದ: “ಮಾವಾ, ಲಗೋರಿ ಮಾಡೀರೋ, ಬಂಡಿ ಗಾಲಿ ಮಾಡೀರೋ?”

ಜೀವಮಾನವೆಲ್ಲ ಗಾಲಿ ಮಾಡಿದ ಕೈ ಮತ್ತೆ ಗಾಲಿಯನ್ನೇ ಮಾಡಿತ್ತು. ನಾನೂ ನಕ್ಕೆ. ಆ ದೃಶ್ಯಕ್ಕೆ ನಗದಿದ್ದರೆ ಮನುಷ್ಯರಲ್ಲ. ಇವರಿಗೆ ಬಸುವಿನ ಮಾತು ಕೇಳಿಸಿರಲಿಕ್ಕಿಲ್ಲ. ನಗುವ ಮುಖಗಳು ಕಂಡವು. ಮೋರಿಗೆ ಬಿದ್ದವನ್ನು ತಾವೇ ತೆಗೆದು ತೊಳೆದು, ಚೀಲಕ್ಕೆ ಹಾಕಿಕೊಂಡು, “ಗಾಡಿ ಟೈಮಾಯ್ತು” ಎಂದರು. ವಾಡಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ನಾನು ಶೇಂಗಾ ಸುಲಿದು ಕೊಟ್ಟೆ. ಅವರು ಕಿಟಕಿಯ ಕಡೆ ಮುಖ ಮಾಡಿ ತಿಂದರು. ಆಮೇಲೆ ಎಷ್ಟೋ ದಿನ ಹಿತ್ತಲಿನ ಚಪ್ಪರಕ್ಕೂ ಹೋಗಲಿಲ್ಲ. ಇದ್ದೊಂದು ಹುಚ್ಚೂ ಬಿಟ್ಟುಹೋಯಿತಲ್ಲ ಎಂದು ನಾನು ನಮ್ಮ ಎಲ್ಲ ದೇವರಿಗೂ ಹರಕೆ ಹೊತ್ತೆ. ಗಂಡನ ಹುಚ್ಚು ಬಿಡಲಿ ಎಂದು ಹರಕೆ ಹೊತ್ತವರನ್ನು ಕೇಳಿದ್ದೀರಿ, ಮರಳಿ ಹಿಡಿಯಲಿ ಎಂದು ಹೊತ್ತವಳು ನಾನೊಬ್ಬಳೇ ಇರಬೇಕು.

ಒಂದು ಬೆಳಿಗ್ಗೆ ಮಜ್ಜಿಗೆ ಕಡೆಯಲು ಹೋದರೆ ಗಡಿಗೆಯ ಮೇಲೆ ನನ್ನ ಟೋಪಿ ಕಲ್ಲು ಇಲ್ಲ. ಅದರ ಬದಲು ಒಂದು ಸ್ಟೀಲಿನ ತಾಟು. ಹಿತ್ತಲಿನಿಂದ ಕರಕರ ಸದ್ದು. ಹೋಗಿ ನೋಡಿದೆ. ಕಲ್ಲನ್ನು ಕಟ್ಟಿಗೆಯ ಬಿಲ್ಲೆಯ ಮೇಲಿಟ್ಟು ಪೆನ್ಸಿಲಿನಿಂದ ಅದರ ಸೊಟ್ಟನ್ನೆಲ್ಲ ಬರೆದುಕೊಂಡು, ಕಾನಸು ಎಂಬ ಅರದಿಂದ ಆ ದುಂಡನೆಯ ಅಂಚನ್ನು ಉಜ್ಜಿ ಕೆಡಿಸುತ್ತಿದ್ದರು.

“ಇದು ಉರಳಂಗಿಲ್ಲ ನೋಡು” ಎಂದು ನನ್ನ ಕಲ್ಲನ್ನು ನೆಲಕ್ಕೆ ಬಿಟ್ಟು ತೋರಿಸಿದರು. “ಯಾ ಕಡೀನೂ ಸೆಂಟರ್ ಇಲ್ಲ ಇದಕ್ಕ.”

“ನನ್ನ ರೊಟ್ಟಿಗೂ ಇಲ್ಲ. ಅದನ್ನೂ ಸ್ಯಾಂಪಲ್ ಇಟ್ಗೋರಿ” ಎಂದೆ. ಕೇಳಿಸದಿದ್ದರೂ ನಕ್ಕರು. ಹೆಂಡತಿ ಏನಾದರೂ ಚುಚ್ಚಿರುತ್ತಾಳೆ ಎಂಬ ಭರವಸೆ.

ನನಗೆ ಮೋಜೆನಿಸಿದ್ದು ಅವರ ಕೆಲಸದ ರೀತಿ. ನೇರವಾಗಿ ಸೊಟ್ಟಗೆ ಕೊಯ್ದರೆ ಮುಗಿಯಿತಲ್ಲವೇ? ಅದಕ್ಕೆ ಅವರ ಕೈ ಒಪ್ಪದು. ಮೊದಲು ಲೇತಿನ ಮೇಲೆ ಚೂರೂ ಓಲಾಡದಂತೆ ದುಂಡಗೆ ತಿರುವುವುದು, ಕಣ್ಣ ತುಂಬ ಒಂದು ಸಲ ನೋಡುವುದು, ಆಮೇಲೆ ನಿಟ್ಟುಸಿರು ಬಿಟ್ಟು ಕಾನಸು ಹಿಡಿದು ಕೆಡಿಸುವುದು. ಹೀಗೆ ಏಳನ್ನು ಮಾಡಿ ಮುಗಿಸಿ, ಎಂಟನೆಯದೊಂದನ್ನು ಟೋಪಿಯಷ್ಟೇ ಅಳತೆಗೆ, ಬಸು ಮಾಡಿದ ಕಚ್ಚಿನ ಸಮೇತ ತಯಾರು ಮಾಡಿ ನನ್ನ ಗಡಿಗೆಯ ಮೇಲೆ ಇಟ್ಟರು. “ನಿನ್ನ ಕಲ್ಲ ಅಲ್ಲೇ ಸ್ಯಾಂಪಲ್ಲಿಗಿ ಇರ್ಲಿ” ಎಂದರು. ಗಂಡ ಮಾಡಿಕೊಟ್ಟ ಒಡವೆಯನ್ನು ಎಲ್ಲರೂ ಕೊರಳಲ್ಲಿ ತೋರಿಸುತ್ತಾರೆ, ನಾನು ಮಜ್ಜಿಗೆಯ ಮೇಲೆ ತೋರಿಸುತ್ತೇನೆ.

ಪಂಚಮಿ ಬಂತು. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮೊಮ್ಮಕ್ಕಳನ್ನು ಕಂಡವರೂ ಅಂದು ತವರಿಗೆ ಹೋಗಿ ಉಂಡಿ ತಿಂದು, ಜೋಕಾಲಿ ಜೀಕಿ, ಮಕ್ಕಳಾಗಿಬಿಡಬೇಕು. ಅಂದು ನೆಲ ಅಗೆಯುವ ಹಾಗಿಲ್ಲ, ಏನನ್ನೂ ಕೊಯ್ಯುವ ಹಾಗಿಲ್ಲ, ನಾಗಪ್ಪನಿಗೆ ನೋವಾಗುತ್ತದೆ. ಕಾಯಿಪಲ್ಯ ಹೆಚ್ಚಲೂ ಈಳಿಗೆ ಮುಟ್ಟುವುದಿಲ್ಲ ಎಂದಮೇಲೆ ಕಲ್ಲು ಕೊಯ್ಯುವುದು ದೂರ ಉಳಿಯಿತು. ಹೀಗಾಗಿ ಬಸು ಅಂದು ಮಷೀನು ಹಚ್ಚುವುದಿಲ್ಲ, ಅವನ ಸುತ್ತಮುತ್ತಲಿನವರೂ ಹಚ್ಚುವುದಿಲ್ಲ. ವರ್ಷವಿಡೀ ಕೊರೆಯುವ ಸದ್ದಿನಲ್ಲೇ ಮಾತಾಡಿ ಗಂಟಲು ದೊಡ್ಡದಾದ ನಮ್ಮ ಓಣಿಯ ಜನ ಆ ಒಂದು ದಿನ ತಮ್ಮ ದನಿಗೆ ತಾವೇ ಬೆಚ್ಚಿಬೀಳುತ್ತಾರೆ.

ಕಿವಿ ಮಂದವಾದ ಮೇಲೆ ಪ್ರತಿ ಪಂಚಮಿಗೆ ಇವರು ನನ್ನನ್ನು ತವರ ಬಾಗಿಲಿಗೆ ಬಿಟ್ಟು, ಒಳಗೆ ಕಾಲಿಡದೆ, ಮುಂದಿನ ಗಾಡಿಗೆ ವಾಪಸಾಗುವುದು ರೂಢಿಯಾಗಿತ್ತು. ಈ ಸಲ ಹೊಸ ಸೆಟ್ಟಿನ ಚೀಲ ಕೈಯಲ್ಲಿತ್ತು. ಅದನ್ನು ಕೊಡಲೆಂದು ಒಳಗೆ ಬಂದರು. ಆದರೆ ಸ್ಟೇಷನ್ನಿಗೆ ಬಿಡಲು ಬರುವಂತೆ ಆಟೋದವನಿಗೆ ಹೇಳಿಯೇ ಬಂದಿದ್ದರು. ಗೇಟಿನ ಕಡೆ ಮುಖ, ನಮ್ಮ ಕಡೆ ಬೆನ್ನು ಮಾಡಿ ಕಟ್ಟೆಯ ತುದಿಯಲ್ಲಿ ಕುಳಿತರು. ಗಳಿಗೆಗೊಮ್ಮೆ ಜೇಬಿನ ಟಿಕೆಟ್ಟು ಮುಟ್ಟಿ ನೋಡಿಕೊಳ್ಳುವುದನ್ನು ನಾನು ನೋಡುತ್ತಲೇ ಇದ್ದೆ.

ರಜಿಯಾ ಉಂಡಿ ತಿನ್ನಲು ಬಂದಳು. ಅವಳಿಲ್ಲದೆ ನಮ್ಮ ಪಂಚಮಿ ಆದದ್ದೇ ಇಲ್ಲ. ಮೊಣಕಾಲು ಹೋಗಿವೆ, ಹಲ್ಲು ಹೋಗಿವೆ, ಬಾಯಿ ಮಾತ್ರ ಹಾಗೇ ಇದೆ. “ಯಾ ಅಲ್ಲಾ, ಕಟ್ಟಿಗಿ ಲಗೋರಿ! ಶಹಾಬಾದ ಹಾಳಾಯ್ತೇನ್ರೆ?” ಎಂದು ಒಂದನ್ನು ಎತ್ತಿ ಮೂಸಿ ನೋಡಿದಳು. ಬಸು ಬಿಡುತ್ತಾನೆಯೇ? ನಮಗೆ ಪೋಟಿ ಕೊಡಲೆಂದು ಒಳ್ಳೆಯ ಫರಸಿಯ ಏಳು ಕಲ್ಲು ಹಿಂದಿನ ದಿನವೇ ಆಯ್ದು ಇಟ್ಟಿದ್ದ. ಮೊದಲು ಕಲ್ಲಿನ ಆಟವಾಯಿತು. ಖಣಖಣ ಬಿದ್ದವು, ಖಣಖಣ ಎದ್ದವು, ಯಾರೋ ಸೋತರು, ಯಾರೋ ಗೆದ್ದರು. ಇಷ್ಟು ಗದ್ದಲದಲ್ಲಿ ಕಟ್ಟೆಯ ಮೇಲಿನ ಬೆನ್ನು ಅಲುಗಲಿಲ್ಲ.

ಆಮೇಲೆ ಕಟ್ಟಿಗೆಯವನ್ನು ಪೇರಿಸಿದೆವು. ನಾನೂ ರಜಿಯಾಳೂ ಒಂದು ಕಡೆ, ಬಸು ಮತ್ತು ಅವನ ಹೆಂಡತಿ ಇನ್ನೊಂದು ಕಡೆ. ರಜಿಯಾ ಮೊಣಕಾಲಿನ ನೆಪ ಹೇಳಿ ಲಗೋರಿಯ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಲ್ಲಿಂದಲೇ ಎಸೆದಳು. ಧಬಧಬ ಎಂದು ಬಿದ್ದವು. ಒಂದೂ ಉರುಳಲಿಲ್ಲ, ಬಿದ್ದಲ್ಲೇ ಕುಂತವು. ಕಟ್ಟೆಯ ಮೇಲಿನ ತಲೆ ಚೂರು ಎತ್ತಿದಂತೆ ನನಗೆ ಅನಿಸಿತು, ನೋಡಲು ಹೊತ್ತಿಲ್ಲ. ಬಸು ಚೆಂಡಿಗೆ ಓಡಿದ್ದ, ನಾನು ಸೀರೆ ಎತ್ತಿ ಕಟ್ಟಿ ಪೇರಿಸಲು ಬಾಗಿದ್ದೆ. ಟಕ್, ಟಕ್ ಎಂದು ಒಂದೊಂದಾಗಿ ಇಟ್ಟೆ. ಟೋಪಿ ಸಿಗಲಿಲ್ಲ. ಅದು ಎಲ್ಲಿದೆ ಎಂದು ನಾನು ತಲೆಯೆತ್ತುವುದರೊಳಗೆ ರಜಿಯಾ ಕುರ್ಚಿಯಲ್ಲಿ ಕೈ ಎರಡೂ ಮೇಲೆತ್ತಿ, ಹಲ್ಲಿಲ್ಲದ ಬಾಯಿ ತೆರೆದು, ತನ್ನ ದಪ್ಪ ದನಿಯಲ್ಲಿ ಶಹಾಬಾದಿಗೆಲ್ಲ ಕೇಳುವಂತೆ ಕೂಗಿದಳು: “ಲಗೋರೀ!”

ಬಸು ಅದೇ ಹಳೆಯ ಬಸು. ಚೆಂಡು ಕೆಳಗೆ ಹಾಕಿದ.

ಆಗ ಕಟ್ಟೆಯ ಕಡೆಯಿಂದ, ತಿರುಗಿಯೂ ನೋಡದೆ, ಒಂದು ಕೈ ಮೇಲೆದ್ದಿತು. “ಇಲ್ಲ. ಇನ್ನೊಂದ ಅದ.”

ಎಲ್ಲರೂ ನಿಂತಲ್ಲೇ ನಿಂತೆವು. ಬಸು ಲಗೋರಿಯ ಹತ್ತಿರ ಬಂದು ಬೆರಳು ಮಾಡಿ ಎಣಿಸಿದ. ಆಮೇಲೆ ರಜಿಯಾಳ ಕಡೆ ನೋಡಿದ. ರಜಿಯಾ ಆಕಾಶ ನೋಡುತ್ತಿದ್ದಳು. ಅವಳ ಸೀರೆಯ ನೆರಿಗೆ ಸರಿಸಿದರೆ ಪಾದದಡಿ ಟೋಪಿ! ಮುದುಕಿಯಾದರೂ ವಿದ್ಯೆ ಮರೆತಿಲ್ಲ. ಅಂಗಳವೆಲ್ಲ ಹೋ ಎಂದಿತು. ಬಸು ಓಡಿಹೋಗಿ ಇವರ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಮುಖ ನೋಡಿ, ಬಿಡಿಸಿ ಬಿಡಿಸಿ ಕೇಳಿದ. “ಮಾವಾ, ನೀವು ಆ ಕಡಿ ನೋಡ್ಲಾಕತ್ತಿದ್ರಿ. ಹ್ಯಾಂಗ ಗೊತ್ತಾಯ್ತು?”

ಇವರು ಇದೇನು ದೊಡ್ಡ ಮಾತು ಎನ್ನುವಂತೆ ಹೇಳಿದರು. “ಆರ ಸಲ ಟಕ್ ಅಂತು. ಏಳನೇದ ಅನ್ಲಿಲ್ಲ.”

“ಕೇಳಿಸ್ತಾ?”

“ಕಲ್ಲಿನ ಸಪ್ಪಳ ನನಗ ಕೇಳಸಂಗಿಲ್ಲ ಬಸು. ಸೀಟಿಯಂಥ ಸಣ್ಣ ದನಿ ಒಂದೂ ಕೇಳಸಂಗಿಲ್ಲ. ಕಟ್ಟಿಗಿದು ದಪ್ಪ ದನಿ, ಕೇಳ್ತದ. ಹುಣಶಿದು ಎಲ್ಲಕ್ಕಿಂತ ಚೊಲೋ ಕೇಳ್ತದ.” ಆಮೇಲೆ, “ನೀವು ಆಡೋದು ಕೇಳ್ಬೇಕಂತ ಮಾಡಿದೆ” ಎಂದರು.

ನನಗೆ ಚಿಂಚೋಳಿಯ ಆ ಮಿಲ್ಲು ನೆನಪಾಯಿತು. ಕಿವಿಗೆ ಹಿಡಿದು ಬಡಿದು ನೋಡಿದ ತುಂಡುಗಳು ನೆನಪಾದವು. ಎಮ್ಮೆ, ಗೂಡ್ಸ್ ಗಾಡಿ, ಕುಕ್ಕರಿನ ಸೀಟಿ, ನನ್ನ ಈ ಸೀಟಿಯಂತಹ ಗಂಟಲು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತವು. ಕಣ್ಣಲ್ಲಿ ನೀರು ಬಂತು. ಅಳಬೇಕೋ ನಗಬೇಕೋ ತಿಳಿಯದೆ ಸೆರಗಿನಿಂದ ಮುಖ ಒರೆಸಿಕೊಂಡೆ. ರಜಿಯಾ ಮಾತ್ರ ಹಣೆ ಚಚ್ಚಿಕೊಂಡಳು. “ಇಷ್ಟ ವರ್ಷ ಯಾರೂ ಹಿಡಿಲಿಲ್ಲ ನನ್ನ ಚೋರಿ. ಹಿಡದಿದ್ದು ಈ ಕಿವುಡಪ್ಪ!” ಅದನ್ನು ಬಸು ಅವರಿಗೆ ಕೈಸನ್ನೆಯಲ್ಲಿ ತಿಳಿಸಿದ. ಇವರು ತಡೆಯದೆ ನಕ್ಕರು. ಎಲ್ಲರೂ ನಕ್ಕ ಮೇಲೆ ನಕ್ಕದ್ದಲ್ಲ, ಎಲ್ಲರ ಜೊತೆಗೆ ನಕ್ಕದ್ದು.

ಅಷ್ಟರಲ್ಲಿ ಗೇಟಿನ ಹೊರಗೆ ಆಟೋ ಬಂದು ಪೀಂ ಪೀಂ ಎಂದಿತು. ಅದೂ ಸೀಟಿಯಂತಹ ಸಣ್ಣ ದನಿ, ಅವರಿಗೆ ಕೇಳಿಸಲಿಲ್ಲ. ನಮಗೆಲ್ಲ ಕೇಳಿಸಿತು, ಯಾರೂ ಹೇಳಲಿಲ್ಲ. ಆಟೋದವನು ಎರಡು ಸಲ ಒದರಿಸಿ ಹೋದ. ಬಸು ಕುರ್ಚಿ ತಂದು ಅಂಗಳದ ನಡುವೆ ಹಾಕಿ, “ಇಲ್ಲಿ ಕುಂದ್ರಿ ಮಾವಾ, ಇವತ್ತ ನೀವೇ ಪಂಚ್ರು” ಎಂದು ಕೈಹಿಡಿದು ಕೂರಿಸಿದ. ತನ್ನ ಕಲ್ಲುಗಳನ್ನು ಕಾಲಿನಿಂದ ಬದಿಗೆ ಸರಿಸಿದ. ಕತ್ತಲಾಗುವವರೆಗೂ ಆಡಿದೆವು. ಕಣ್ಣು ಮುಚ್ಚಿಕೊಂಡು ಕುಳಿತ ಪಂಚರ ಮುಂದೆ ಯಾರ ಆಟವೂ ನಡೆಯಲಿಲ್ಲ. ನಾನೂ ರಜಿಯಾಳೂ ಎಲ್ಲ ಆಟ ಸೋತೆವು. ಸ್ವಂತ ಗಂಡನ ತೀರ್ಪಿನಿಂದ ತವರಿನಲ್ಲಿ ಸೋತ ಹೆಣ್ಣುಮಗಳು ನಾನು. ಟಿಕೆಟ್ಟು ಅವರ ಜೇಬಿನಲ್ಲೇ ಮುದುಡಿಹೋಯಿತು.

ಈಗ ಹಿತ್ತಲಿನಲ್ಲಿ ಕೆಲಸ ಜೋರಾಗಿದೆ. ಮಾಡಿದ ಸೆಟ್ಟು ಯಾರಿಗಾದರೂ ಕೊಡುವಾಗ ತಾವೇ ಹೋಗಿ, ಕುರ್ಚಿ ಹಾಕಿಸಿಕೊಂಡು ಕೂತು, ಮೊದಲ ಆಟ ಕೇಳಿಯೇ ಬರುತ್ತಾರೆ. ನಡುವೆ ಚಹಾದಂಗಡಿಗೂ ಒಂದು ಸೆಟ್ಟು ಒಯ್ದು ಕೊಟ್ಟಿದ್ದಾರೆ ಎಂದು ಸುದ್ದಿ. ಅಲ್ಲಿ ಲಗೋರಿ ಆಡುವ ವಯಸ್ಸಿನವರು ಯಾರೂ ಇಲ್ಲ. ನಾನು ಕೇಳಲು ಹೋಗಿಲ್ಲ.

ನಾನು ಮಾತ್ರ ಈಗ ಅವರನ್ನು ಕೂಗಿ ಕರೆಯುವುದು ಬಿಟ್ಟಿದ್ದೇನೆ. ಗಡಿಗೆಯ ಮೇಲಿನ ಟೋಪಿ ತೆಗೆದು ಹಿತ್ತಲ ಬಾಗಿಲ ಚೌಕಟ್ಟಿಗೆ ಬಡಿಯುತ್ತೇನೆ. ಒಮ್ಮೆ ಬಡಿದರೆ ಊಟ, ಎರಡು ಸಲ ಬಡಿದರೆ ಚಹಾ. ಮೊನ್ನೆ ಮಧ್ಯಾಹ್ನ ಊಟವೂ ಆಗಿತ್ತು, ಚಹಾಕ್ಕೆ ಇನ್ನೂ ಹೊತ್ತಿತ್ತು. ಸುಮ್ಮನೆ ಮೂರು ಸಲ ಬಡಿದೆ. ಕೂದಲ ತುಂಬ ಪುಡಿ ಹೊತ್ತುಕೊಂಡೇ ಎದ್ದು ಬಂದರು.

“ಮೂರಕ್ಕೇನು?”

ನಾನು ಅವರ ಮುಂದೆ ನಿಂತು, ಬಿಡಿಸಿ ಬಿಡಿಸಿ ಹೇಳಿದೆ. “ಏನಿಲ್ಲ. ಕೇಳ್ತದೋ ಇಲ್ಲೋ ನೋಡಿದೆ.”

“ಕೇಳ್ತದ” ಎಂದು, ಬಾಗಿಲಲ್ಲೇ ನಿಂತರು.